ವಿಮಾನಕ್ಕೆ ಛತ್ರಿ ಕೇಳಿದ ಅಕ್ಕ

ಶಹಾಬಾದಿನ ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ನೆಲಕ್ಕೆ ಹಾಸುವ ಪರ್ಸಿಕಲ್ಲು ಹೊರುವ ಹಮಾಲರಿಗೆ, ಲಾರಿ ಡ್ರೈವರುಗಳಿಗೆ, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಿಗೂ ಅವರು ಅಕ್ಕ. ಹೋದ ತಿಂಗಳು ಅಕ್ಕ ತೀರಿಕೊಂಡರು. ಎದೆಯ ಬೇನೆ ಎಂದು ಕಲಬುರಗಿಗೆ ಕರೆದುಕೊಂಡು ಹೋದವರು ಮರುದಿನ ಹಿಂದಕ್ಕೆ ತಂದರು. ಮಣ್ಣು ಮಾಡಿ ಬಂದು ಅವರ ಕಲ್ಲಿನ ಅಂಗಳದಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ನೆನಪು ತೆಗೆದರು.

ಸೇಡಮಿನ ಗುತ್ತಿಗೆದಾರನೊಬ್ಬ ಶಾಲೆಯ ಪಡಸಾಲೆಗೆಂದು ಅವರ ಹತ್ತಿರ ಕಲ್ಲು ಒಯ್ದಿದ್ದನಂತೆ. ಹಾಸಿ ಮುಗಿದ ಮೇಲೆ ಅಕ್ಕ ತಾವಾಗಿಯೇ ಸೇಡಮಿಗೆ ಹೋಗಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಇಡೀ ಪಡಸಾಲೆ ತುಳಿದು ನೋಡಿದರಂತೆ. ಒಂದೆರಡು ಕಡೆ ಕಲ್ಲು ಅಲುಗಿತು. ಅಲ್ಲೇ ನಿಂತು ಅವನ್ನು ಕೀಳಿಸಿ ಮತ್ತೆ ಹಾಕಿಸಿದರಂತೆ.

“ಹಾಸೋದು ನಮ್ಮ ಕೆಲ್ಸ ಅಕ್ಕಾ, ನಿಮ್ದು ಕಲ್ಲು ಕೊಡೋದಷ್ಟೇ ಅಂದೆ,” ಎಂದ ಅಲ್ಲೇ ಕೂತಿದ್ದ ಆ ಗುತ್ತಿಗೆದಾರ. “ಹುಡುಗ್ರು ಓಡ್ಕೋತ ಬಂದು ಬಿದ್ರ ನಿಮ್ದು ಯಾವ್ದು ನಮ್ದು ಯಾವ್ದು ಅಂತ ಹಲ್ಲಿಗೇನು ಗೊತ್ತಾಗ್ತದ ಅಂದ್ರು. ನಾ ಮತ್ತ ಬಾಯಿ ತೆಗೀಲಿಲ್ಲ.”

ಎಲ್ಲರೂ ನಕ್ಕರು. ಸತ್ತ ಮನೆಯ ಅಂಗಳದಲ್ಲಿ ಹಾಗೆ ನಗಿಸಿದ್ದು ಸಹ ಅವರೇ ಎನ್ನಿಸಿತು.

ನಾನು ಚಿತ್ತಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಅವರ ಅಂಗಳಕ್ಕೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಕಲ್ಲು ಕೊಯ್ಯುವ ಯಂತ್ರದ ಕಿರುಚಾಟಕ್ಕೆ ಮೊದಮೊದಲು ಬೇಸರಪಟ್ಟು, ಆಮೇಲೆ ಅದಿಲ್ಲದೆ ಮಧ್ಯಾಹ್ನದ ನಿದ್ದೆ ಹತ್ತದಂತಾಗಿತ್ತು. ಗಂಡ ತೀರಿಕೊಂಡಾಗ ಅಕ್ಕನ ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಬಂಧುಗಳೆಲ್ಲ ಯಂತ್ರ ಮಾರಿ ತೆಂಗಳಿಯ ತವರಿಗೆ ನಡೆ ಎಂದರು. ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಯ ವಿಭೂತಿಯ ಮೇಲೆಯೇ ಕಲ್ಲಿನ ಪುಡಿ ಮೆತ್ತಿಕೊಂಡು, ಯಂತ್ರದ ಪಕ್ಕ ನಿಂತರು. ಸಂಜೆಗೆ ಅವರ ರೆಪ್ಪೆಗಳೂ ಬಿಳಿಯಾಗಿರುತ್ತಿದ್ದವು.

‘ಆಗಲ್ಲ’ ಎಂಬ ಮಾತು ಅವರಿಗೆ ಸೇರುತ್ತಿರಲಿಲ್ಲ. ಹಾಗೆಂದು ಹಟಮಾರಿಯಲ್ಲ. ಕರೆಂಟಿನ ಕಚೇರಿಯಾಗಲಿ, ಲಾರಿಯವನಾಗಲಿ, ಆಗಲ್ಲ ಎಂದರೆ ಒಂದು ಕುರ್ಚಿ ಎಳೆದುಕೊಂಡು ಕೂತು, “ಯಾಕ ಆಗಲ್ಲ ಹೇಳ್ರಿ. ತಿಳೀತಂದ್ರ ಎದ್ದು ಹೋಗ್ತೀನಿ,” ಎನ್ನುತ್ತಿದ್ದರು. ತಿಳಿದರೆ ನಿಜಕ್ಕೂ ಎದ್ದು ಹೋಗುತ್ತಿದ್ದರು. ಹೆಚ್ಚಿನ ಕಡೆ ಹೇಳುವವನಿಗೇ ತಿಳಿದಿರುತ್ತಿರಲಿಲ್ಲ; ಅಲ್ಲಿ ಅಕ್ಕನ ಕೆಲಸ ಆಗುತ್ತಿತ್ತು.

ಅವರಿಗೊಬ್ಬ ತಮ್ಮನಿದ್ದ. ತಾಯಿತಂದೆ ಬೇಗ ಹೋದದ್ದರಿಂದ ಅವನನ್ನು ಶಹಾಬಾದಿಗೆ ಕರೆತಂದು ಬೆಳೆಸಿದ್ದರು. ತಮ್ಮನೆನ್ನುವುದಕ್ಕಿಂತ ದೊಡ್ಡ ಮಗ ಎನ್ನಬೇಕು. ಕಲ್ಲಿನ ರಾಶಿಯ ಮೇಲೆ ಅಂಗಾತ ಮಲಗಿ ಆಕಾಶ ನೋಡುವ ಹುಡುಗ. ದೊಡ್ಡವನಾದ ಮೇಲೆ ತೆಂಗಳಿಯ ಹೊಲದಲ್ಲಿ ತನ್ನ ಪಾಲು ಮಾರಿ, ಮಹಾರಾಷ್ಟ್ರದ ಒಂದು ಊರಿನಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆ ಸೇರಿದ. ರಜೆಗೆ ಬಂದಾಗ ಬಿಳಿ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತರೆ ಅಕ್ಕ, “ಅಲ್ಲೇ ನಿಂದ್ರು, ಈ ಕಡೆ ಬರಬ್ಯಾಡ, ಧೂಳ ಅದ,” ಎಂದು ಕೂಗುತ್ತಿದ್ದರು. ಅವನು ಬೇಕೆಂದೇ ಓಡಿ ಬಂದು ಅಪ್ಪಿಕೊಳ್ಳುತ್ತಿದ್ದ.

ತರಬೇತಿ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ, ಅವನು ಒಬ್ಬನೇ ಹಾರಿಸಿಕೊಂಡು ಹೋಗಿದ್ದ ಸಣ್ಣ ವಿಮಾನ ಎತ್ತರದಲ್ಲಿ ಹಿಡಿತ ತಪ್ಪಿ, ಗಿರಗಿರನೆ ಸುತ್ತುತ್ತ ಕೆಳಗೆ ಬಿತ್ತು. ತೆಂಗಳಿಯಲ್ಲಿ, ಮಾರದೆ ಉಳಿದಿದ್ದ ಹೊಲದ ಮೂಲೆಯಲ್ಲಿ ಅವನ ಮಣ್ಣಾಯಿತು.

ಬಂದವರೆಲ್ಲ ಹಣೆಬರಹ ಎಂದರು. ಗಣಾರಾಧನೆ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಒಂದು ಮುಂಜಾನೆ ಅಕ್ಕ ನನ್ನ ಮನೆಯ ಬಾಗಿಲಿಗೆ ಬಂದರು.

“ಶರಣ್ರಿ ಸರ್. ಒಂದು ಮಾತು ಕೇಳ್ಬೇಕಾಗಿತ್ತು.”

“ಬರ್ರಿ ಅಕ್ಕಾ, ಕುಂದ್ರಿ.”

ಕೂರಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದುಕೊಂಡೇ ಕೇಳಿದರು: “ಮಿಲ್ಟ್ರಿ ಮಂದಿ ವಿಮಾನದಾಗಿಂದ ಛತ್ರಿ ಕಟ್ಕೊಂಡು ಜಿಗೀತಾರಲ್ರಿ. ಆ ಛತ್ರಿ ವಿಮಾನಕ್ಕೇ ಯಾಕ ಕಟ್ಟಂಗಿಲ್ಲ?”

ನಾನು, “ಆಗಲ್ಲ ಅಕ್ಕಾ. ತೂಕ ಭಾಳ ಇರ್ತದ,” ಎಂದೆ.

ಆಗ ಕೂತರು. “ಯಾಕ ಆಗಲ್ಲ ಹೇಳ್ರಿ. ಎಷ್ಟು ತೂಕಕ್ಕ ಎಷ್ಟು ಛತ್ರಿ ಬೇಕು?”

ಕಾಲೇಜಿನಲ್ಲಿ ಹಲಗೆಯ ಮೇಲೆ ಬರೆದರೆ ಎರಡು ಸಾಲಿನ ಉತ್ತರ ಅದು. ಅವರಿಗೆ ಹಲಗೆ ಬೇಕಿರಲಿಲ್ಲ. ಕಣ್ಣಿನಿಂದ ನೋಡಬೇಕಿತ್ತು. ಮರುವಾರವೇ ಯಂತ್ರದಲ್ಲಿ ಎರಡು ಕಲ್ಲು ಕೊಯ್ಯಿಸಿದರು, ಎರಡೂ ದಾಳದಂಥ ಚೌಕ. ಒಂದು ಮುಷ್ಟಿಯಷ್ಟು, ಇನ್ನೊಂದು ಉದ್ದ, ಅಗಲ, ಎತ್ತರ ಮೂರರಲ್ಲೂ ಅದರ ಎರಡರಷ್ಟು. ಚಿತ್ತಾಪುರದಲ್ಲಿ ಮದುವೆಗೆ ಪೆಂಡಾಲು ಹಾಕುವವರ ಹತ್ತಿರ ಹಳೆಯ ಬಟ್ಟೆ ಇಸಿದುಕೊಂಡು, ಮಸೀದಿ ಪಕ್ಕದ ದರ್ಜಿ ಚಾಚಾನ ಕೈಲಿ ಎರಡು ಛತ್ರಿ ಹೊಲಿಸಿದರು. ದೊಡ್ಡದರ ಅಳತೆ ಎರಡೂ ಕಡೆ ಸಣ್ಣದರ ಎರಡರಷ್ಟು. ಊರ ಹೊರಗೆ ಕೆಲಸ ನಿಂತುಹೋದ ಕಲ್ಲುಗಣಿಯೊಂದಿತ್ತು. ಅದರ ಅಂಚಿನಲ್ಲಿ ನಾವಿಬ್ಬರೂ ನಿಂತು ಎರಡು ಕಲ್ಲನ್ನೂ ಒಟ್ಟಿಗೆ ಕೆಳಗೆ ಬಿಟ್ಟೆವು.

ಸಣ್ಣ ಕಲ್ಲು ತೂಗಾಡುತ್ತ ಹಗುರಾಗಿ ಇಳಿಯಿತು. ದೊಡ್ಡದು ಅದನ್ನು ದಾಟಿ ಮೊದಲೇ ಹೋಗಿ ತಳಕ್ಕೆ ಬಡಿದು ಮೂಲೆ ಒಡೆಯಿತು.

“ಛತ್ರಿನೂ ದೊಡ್ಡದೇ ಇತ್ತಲ್ಲ?” ಎಂದರು ಅಕ್ಕ.

“ಬಟ್ಟಿ ನಾಕು ಪಟ್ಟು ಆತು. ಕಲ್ಲು ಎಂಟು ಪಟ್ಟು ಆತು. ಬಟ್ಟಿಗೆ ಉದ್ದ ಅಗಲ ಅಷ್ಟೇ ಅದಾವ, ಕಲ್ಲಿಗೆ ದಪ್ಪನೂ ಅದ. ಸೈಜು ಬೆಳದಂಗ ತೂಕ ಮುಂದ ಓಡ್ತದ, ಬಟ್ಟಿ ಹಿಂದ ಬೀಳ್ತದ.”

ಅಕ್ಕ ಬಗ್ಗಿ ಗಣಿಯ ತಳದ ಎರಡೂ ಕಲ್ಲನ್ನು ನೋಡಿದರು. ಆಮೇಲೆ, “ಅಂದ್ರ ನೂರಾರು ಮಂದಿ ಕುಂದ್ರೋ ವಿಮಾನಕ್ಕ ಛತ್ರಿ ಹಾಕ್ಬೇಕಂದ್ರ ನಮ್ಮ ಊರು ಮುಚ್ಚೋವಷ್ಟು ಬಟ್ಟಿ ಬೇಕಾಗ್ತದ,” ಎಂದರು.

“ಅಷ್ಟು ಬಟ್ಟಿ ಹೊತ್ಕೊಂಡ ಮ್ಯಾಲ ಮಂದಿಗೆ ಜಾಗಾ ಉಳಿಯಂಗಿಲ್ಲ. ಆ ವೇಗದಾಗ ಬಿಚ್ಚಿದ್ರ ಹರದೂ ಹೋಗ್ತದ. ಮತ್ತ ದೊಡ್ಡ ವಿಮಾನಕ್ಕ ಭಾಳ ಸಲ ಅಪಘಾತ ಆಗೋದು ಏರೋವಾಗ, ಇಳಿಯೋವಾಗ. ನೆಲಾ ಹತ್ತಿರನೇ ಇರ್ತದ. ಛತ್ರಿ ಬಿಚ್ಚಲಿಕ್ಕ ವ್ಯಾಳ್ಯಾನೇ ಸಿಗಂಗಿಲ್ಲ.”

“ಆತು. ಇದು ತಿಳೀತು,” ಎಂದರು. ನಿಜವಾಗಿಯೂ ತಿಳಿದಿತ್ತು, ಆ ಪ್ರಶ್ನೆಯನ್ನು ಅಲ್ಲಿಗೆ ಬಿಟ್ಟಂತೆ ಮುಖ ಸಡಿಲವಾಯಿತು. ನಾವು ಹಿಂದಿರುಗಿ ಅರ್ಧ ದಾರಿ ಬಂದಿರಬೇಕು, ನಿಂತುಬಿಟ್ಟರು. “ಸಣ್ಣ ಕಲ್ಲು ಹಗೂರ ಇಳೀತಲ್ಲ ಸರ್. ಅವ ಹಾರಸ್ತಿದ್ದದ್ದು ಸಣ್ಣ ವಿಮಾನ.”

ಅಲ್ಲಿಯವರೆಗೆ ನಾನು ಅದರ ಬಗ್ಗೆ ಓದಿರಲಿಲ್ಲ. ಆ ವಾರ ಓದಿದೆ. ನಾಲ್ಕಾರು ಮಂದಿ ಕೂರುವ ಸಣ್ಣ ವಿಮಾನಗಳಲ್ಲಿ ಕೆಲವಕ್ಕೆ, ಇಡೀ ವಿಮಾನವನ್ನೇ ಹೊತ್ತು ಇಳಿಸುವ ಛತ್ರಿಯನ್ನು ಕಾರ್ಖಾನೆಯಲ್ಲೇ ಕೂರಿಸಿ ಕೊಡುತ್ತಾರೆ. ಒಳಗೊಂದು ಹಿಡಿಕೆ, ಎಳೆದರೆ ಸಣ್ಣ ರಾಕೆಟ್ಟೊಂದು ಛತ್ರಿಯನ್ನು ಹೊರಗೆ ಎಸೆಯುತ್ತದೆ. ಹಾಗೆ ಬದುಕಿ ಬಂದವರು ಎಷ್ಟೋ ಜನ ಇದ್ದಾರೆ. ಇದನ್ನು ಅವರಿಗೆ ಹೇಳುವುದೋ ಬೇಡವೋ ಎಂದು ನಾನು ಹೆಂಡತಿಯನ್ನು ಕೇಳಿದೆ. “ಹೇಳದಿದ್ರ ಬಿಡ್ತಾರೇನು ಅವ್ರು?” ಎಂದಳು ಆಕೆ.

ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ಯಾವುದೋ ದೇಶದ ಆಕಾಶದಲ್ಲಿ ಸಣ್ಣ ವಿಮಾನವೊಂದು ಪಟ್ಟೆಪಟ್ಟೆಯ ದೊಡ್ಡ ಛತ್ರಿಗೆ ಜೋತುಬಿದ್ದು, ಮೂತಿ ಸ್ವಲ್ಪ ಕೆಳಗೆ ಮಾಡಿ, ಮರಗಳ ಹಿಂದೆ ಇಳಿಯಿತು. ಅಕ್ಕ ಅದನ್ನು ಮತ್ತೆ ಮತ್ತೆ ನೋಡಿದರು. ಅಂಗಳದಲ್ಲಿ ಹಮಾಲರು ಕಲ್ಲು ಎತ್ತುತ್ತಿದ್ದರು, ಲಾರಿಯವನು ಹಾರ್ನು ಹೊಡೆಯುತ್ತಿದ್ದ. ಕೊನೆಗೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಹೇಳಿದರು: “ಆ ಶಾಲಿಗೆ ಹೋಗ್ಬೇಕು ಸರ್. ನೀವು ಬರ್ತೀರೇನು?”

ವಾಡಿಯಲ್ಲಿ ರೈಲು ಹತ್ತಿ ಹೋದೆವು. ಜಗಳವಾಗಬಹುದೆಂದು ನನಗೆ ಅಳುಕಿತ್ತು. ಅಕ್ಕ ಮಾತ್ರ ಯಾವುದೋ ಮನೆಯ ನೆಲಕ್ಕೆ ಅಳತೆ ತೆಗೆದುಕೊಳ್ಳಲು ಹೊರಟವರ ಹಾಗೆ ಕಿಟಕಿಯ ಪಕ್ಕ ಕೂತು ರೊಟ್ಟಿ, ಪುಂಡಿಪಲ್ಲೆ ಬಿಚ್ಚಿ ಎದುರಿನವರಿಗೂ ಕೊಟ್ಟರು.

ಶಾಲೆಯ ಎಂಜಿನಿಯರು ವಯಸ್ಸಾದವರು. ಬೀದರಿನ ಕಡೆಯವರಾದ್ದರಿಂದ ಮಾತು ನಮ್ಮದೇ ಆಯಿತು. ಬಂದವರು ಯಾರೆಂದು ತಿಳಿದ ಕೂಡಲೇ ಎದ್ದು ನಿಂತರು. ಶೆಡ್ಡಿನೊಳಗೆ ಕರೆದುಕೊಂಡು ಹೋಗಿ, ಅವನು ಹಾರಿಸುತ್ತಿದ್ದಂಥದ್ದೇ ವಿಮಾನ ತೋರಿಸಿದರು. ಅಕ್ಕ ಅದರ ರೆಕ್ಕೆಯ ಮೇಲೆ ಅಂಗೈ ಇಟ್ಟು, “ಇಷ್ಟ ಸಣ್ಣದ?” ಎಂದರು.

“ಇಷ್ಟೇ ಅದ ಅಮ್ಮಾ.”

“ಇದಕ್ಕ ಛತ್ರಿ ಹಾಕ್ಲಿಕ್ಕ ಬರ್ತದೇನು?”

ಎಂಜಿನಿಯರು ಮುಚ್ಚಿಡಲಿಲ್ಲ. ಈ ಹಳೆಯದಕ್ಕೆ ತಾವಾಗಿ ಹಾಕಲು ಬರುವುದಿಲ್ಲ ಎಂದರು. ಛತ್ರಿ ಬಿಚ್ಚಿದಾಗ ಇಡೀ ವಿಮಾನ ಆ ಹಗ್ಗಗಳಿಗೆ ಜೋತು ಬೀಳುತ್ತದೆ. ಆ ಜಗ್ಗಾಟ ತಡೆಯುವ ಹಾಗೆ ಮೈ ಗಟ್ಟಿ ಮಾಡಿರಬೇಕು, ತಯಾರಿಸಿದವರೇ ಪರೀಕ್ಷೆ ಮಾಡಿ ಒಪ್ಪಿರಬೇಕು. ಸುಮ್ಮನೆ ಕಟ್ಟಿದರೆ ಕಿತ್ತುಕೊಂಡು ಹೋಗುತ್ತದೆ. ಹೊಸ ಮಾದರಿಗಳು ಕೆಲವಿವೆ, ಅವಕ್ಕೆ ಮೊದಲೇ ಹಾಕಿಸಿಕೊಂಡು ತರಬಹುದು ಎಂದರು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ನಾನು ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಕೇಳಿದರು.

“ಅವತ್ತು ಛತ್ರಿ ಇದ್ದಿದ್ರ ನನ್ನ ತಮ್ಮ ಉಳೀತಿದ್ದನೇನು?”

ಎಂಜಿನಿಯರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಅವ್ರ ಕಡೆ ಯಾಕ ನೋಡ್ತೀರಿ? ನನಗ ಹೇಳ್ರಿ. ಇಲ್ಲ ಅಂದ್ರ ಇಲ್ಲ ಅನ್ರಿ. ಹೌದಂದ್ರ ಹೌದನ್ರಿ. ಸಮಾಧಾನ ಮಾಡ್ಬ್ಯಾಡ್ರಿ, ಸಮಾಧಾನ ಮಾಡೋ ಮಂದಿ ಊರಾಗ ಭಾಳ ಅದಾರ.”

“ಹಿಡಿತ ತಪ್ಪಿದಾಗ ಅವ ಎತ್ತರದಾಗ ಇದ್ದ ಅಮ್ಮಾ,” ಎಂದರು ಅವರು, ನಿಧಾನಕ್ಕೆ. “ವ್ಯಾಳ್ಯಾಕ್ಕ ಎಳದಿದ್ರ ಉಳೀತಿದ್ದ ಅಂತ ನನಗ ಅನ್ನಸ್ತದ.”

ಅಕ್ಕ ರೆಕ್ಕೆಯ ಮೇಲಿನ ಕೈ ತೆಗೆಯಲಿಲ್ಲ. ಎಂಜಿನಿಯರು ಕುರ್ಚಿ ತರಿಸಲು ಹೋದರೆ ಬೇಡವೆಂದರು. “ಖರೇ ಹೇಳಿದ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡು, “ಮಾಲೀಕರು ಎಲ್ಲಿ ಸಿಗ್ತಾರ?” ಎಂದು ಕೇಳಿದರು.

ಮಾಲೀಕರು ಸಭ್ಯರೇ. ಚಹಾ ತರಿಸಿದರು, ತಮ್ಮನ ಬಗ್ಗೆ ಒಳ್ಳೆಯ ಮಾತಾಡಿದರು. ಛತ್ರಿಯ ಮಾತು ಬಂದಾಗ ಹಿಂದಿಯಲ್ಲಿ ತಮ್ಮ ಕಷ್ಟ ಹೇಳಿಕೊಂಡರು: ಖರ್ಚು ಹೆಚ್ಚು, ತೂಕ ಹೆಚ್ಚು, ಅದನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಮಡಚಿಸಬೇಕು. ಕೊನೆಗೆ, ಇಷ್ಟು ವರ್ಷದಲ್ಲಿ ಮಕ್ಕಳನ್ನು ಸೇರಿಸಲು ಬಂದ ಒಬ್ಬ ತಂದೆಯಾಗಲಿ ತಾಯಿಯಾಗಲಿ ಇದನ್ನು ಕೇಳಿಲ್ಲ ಎಂದರು. ಹಾಸ್ಟೆಲು ಹೇಗಿದೆ, ಊಟ ಹೇಗಿದೆ, ನೌಕರಿ ಸಿಗುತ್ತದೆಯೇ, ಇಷ್ಟೇ ಕೇಳುತ್ತಾರೆ.

ಅಕ್ಕ ಹೊರಗೆ ಬಂದು ಗೇಟಿನ ಹತ್ತಿರ ನಿಂತು, “ನಾನೂ ಕೇಳಿರಲಿಲ್ಲ ಸರ್,” ಎಂದರು. “ಊಟದಾಗ ಖಾರ ಹಾಕ್ತಾರೋ ಇಲ್ಲೋ ಅಂತ ಕೇಳಿದ್ದೆ.”

ಅದೇ ವರ್ಷ ಶಾಲೆಗೆ ಮಕ್ಕಳು ಸೇರುವ ಕಾಲಕ್ಕೆ ಅಕ್ಕ ಮತ್ತೆ ರೈಲು ಹತ್ತಿದರು, ಒಬ್ಬರೇ. ಗೇಟಿನ ಮುಂದೆ ನಿಂತು, ಮಕ್ಕಳನ್ನು ಕರೆತಂದ ತಂದೆತಾಯಿಗಳನ್ನು ತಡೆದು ಮಾತಾಡಿಸಿದರು. ಕಾವಲಿನವನು ಅಲ್ಲಿಂದ ಕಳಿಸಿದ. ರಸ್ತೆಯಾಚೆಯ ಚಹಾದಂಗಡಿಯ ಬೆಂಚಿಗೆ ಹೋಗಿ ಕೂತರು. ಹೇಗೂ ಎಲ್ಲರೂ ಚಹಾಕ್ಕೆ ಅಲ್ಲಿಗೇ ಬರಬೇಕು. ಅಂಗಳದ ಹಮಾಲರ ಜೊತೆ ಆಡಿ ಆಡಿ ಪಳಗಿದ ತಮ್ಮ ದಖನಿ ಉರ್ದುವಿನಲ್ಲಿ ಅವರು ಹೇಳುತ್ತಿದ್ದದ್ದು ಒಂದೇ ಮಾತು: “ಭಾಯಿಸಾಬ್, ಜಹಾಜ್ ಕು ಛತ್ರಿ ಹೈ ಕ್ಯಾ, ಅಂದರ್ ಜಾಕೆ ಪೂಛೋ.” ವಿಮಾನಕ್ಕೆ ಛತ್ರಿ ಇದೆಯೇ ಎಂದು ಒಳಗೆ ಹೋಗಿ ಕೇಳಿ, ಅಷ್ಟೇ. ತಮ್ಮನ ವಿಷಯ ಹೇಳುತ್ತಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ನಾನು ಕೇಳಿದ್ದಕ್ಕೆ, “ಹೇಳಿದ್ರ ಅಂಜಿ ಹಿಂದಕ್ಕ ಹೋಗ್ತಾರ. ಹುಡುಗ್ರು ಕಲೀಬಾರ್ದು ಅಂತ ನಾ ಹೋಗಿಲ್ಲ. ಕೇಳಿ ಒಳಗ ಹೋಗ್ಲಿ ಅಂತ ಹೋಗೀನಿ,” ಎಂದರು.

ಕೆಲವರು ಕೇಳಿದರಂತೆ. ಕೆಲವರು ಹುಚ್ಚಿ ಎಂದುಕೊಂಡು ಬೇರೆ ಬೆಂಚಿಗೆ ಹೋದರಂತೆ. ಮರುವರ್ಷವೂ ಹೋದರು. ಅದರ ಮರುವರ್ಷವೂ. ಆ ದಿನಗಳಲ್ಲಿ ಅಂಗಳ ನೋಡಿಕೊಳ್ಳುತ್ತಿದ್ದವಳು ಮಗಳು. ನಮ್ಮ ಓಣಿಯಲ್ಲಿ ಇದಕ್ಕೆ ನಗುವವರಿದ್ದರು. “ಅಕ್ಕಾ ಛತ್ರಿ ಮಾರ್ಲಿಕ್ಕ ಹೋಗ್ಯಾರೇನು?” ಎಂದು ಕಿರಾಣಿ ಅಂಗಡಿಯವನು ನನ್ನನ್ನೇ ಕೇಳಿದ್ದ.

ಇದರ ನಡುವೆ ಮಗಳು ಪಿಯುಸಿ ಮುಗಿಸಿದಳು. ಒಂದು ಸಂಜೆ ಅಕ್ಕ ಗೋಡೆಯಾಚೆಯಿಂದ ನನ್ನನ್ನು ಕರೆದರು. ಹೋದರೆ, ತಾಯಿ ಮಗಳು ಎದುರುಬದುರು ನಿಂತಿದ್ದಾರೆ. ಮಗಳ ಕಣ್ಣು ಕೆಂಪಾಗಿದ್ದವು.

“ಈಕಿಗೂ ವಿಮಾನ ಹಾರಸ್ಬೇಕಂತ,” ಎಂದರು ಅಕ್ಕ.

ತೆಂಗಳಿಯಿಂದ ಬಂದಿದ್ದ ಚಿಗವ್ವನೊಬ್ಬಳು ಮೂಲೆಯಲ್ಲಿ ಕೂತು ಹಣೆ ಬಡಿದುಕೊಂಡು, “ಒಬ್ಬನ್ನ ಕಳ್ಕೊಂಡಿದ್ದು ಸಾಲ್ದೇನು?” ಎನ್ನುತ್ತಿದ್ದಳು.

“ಚಿಗವ್ವಾ, ನೀ ಸುಮ್ನಿರು. ನಾ ಬ್ಯಾಡ ಅಂದಿಲ್ಲ,” ಎಂದು ಅಕ್ಕ ಮಗಳ ಕಡೆ ತಿರುಗಿದರು. “ಹಾರಸು. ಛತ್ರಿ ಇದ್ದದ್ದು ಹಾರಸು.”

“ಅವ್ವಾ, ಎಲ್ಲಾ ಕಡೆ ಹಳೇ ವಿಮಾನನೇ ಅದಾವ. ಛತ್ರಿ ಇದ್ದದ್ದು ಹುಡುಕ್ಕೋತ ಕುಂತ್ರ ನಾ ಮುದುಕಿ ಆಗ್ತೀನಿ.”

“ಆಗು. ಮುದುಕಿ ಆಗೋದು ಕೆಟ್ಟದ್ದೇನಲ್ಲ.”

“ಮಾಮಾ ಹೋದಂಗ ನಾನೂ ಹೋಗ್ತೀನಿ ಅಂತ ತಿಳ್ಕೊಂಡೀ ನೀನು!”

“ಹಂಗ ತಿಳ್ಕೊಂಡಿದ್ರ ಕೋಣ್ಯಾಗ ಹಾಕಿ ಬಾಗ್ಲಾ ಹಾಕ್ತಿದ್ದೆ,” ಎಂದರು ಅಕ್ಕ. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ನಿಮ್ಮ ಮಾಮಾಗ ಅವತ್ತು ಕೈಯಾಗ ಹಿಡಕೊಳ್ಳಲಿಕ್ಕ ಏನೂ ಇರ್ಲಿಲ್ಲ. ನಿನಗ ಒಂದು ಹಿಡಿಕಿ ಇರ್ಲಿ ಅಂದೆ. ಇಷ್ಟ ಕೇಳಬಾರ್ದೇನು ನಾ?”

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ತಮ್ಮಷ್ಟಕ್ಕೆ ಕಲ್ಲು ಕೊಯ್ಯಿಸಿದರು, ಮಗಳು ತನ್ನಷ್ಟಕ್ಕೆ ಕಲಬುರಗಿಯ ಕಾಲೇಜಿಗೆ ಬಿಎಸ್ಸಿಗೆ ಸೇರಿದಳು. ಆದರೆ ಮುಂದಿನ ಬೇಸಿಗೆಯಲ್ಲಿ ಅಕ್ಕ ವಾಡಿಗೆ ಹೊರಟಾಗ ಮಗಳೂ ಚೀಲ ಹಿಡಿದು ಬಂದು ಟಂಟಂ ಆಟೊ ಹತ್ತಿ ಕೂತಳು. ಚಹಾದಂಗಡಿಯ ಬೆಂಚಿನ ಮೇಲೆ ಈಗ ಇಬ್ಬರಾದರು. ಮಗಳಿಗೆ ಇಂಗ್ಲಿಷು, ಹಿಂದಿ ಎರಡೂ ಸರಾಗ. ತಂದೆತಾಯಿಗಳು ಅವಳ ಮಾತು ನಿಂತು ಕೇಳತೊಡಗಿದರು.

ಅವಳ ಬಿಎಸ್ಸಿಯ ಕೊನೆಯ ವರ್ಷ ಎಂಜಿನಿಯರು ಅಕ್ಕನಿಗೆ ಫೋನು ಮಾಡಿದರು. ಶಾಲೆಗೆ ಹೊಸ ವಿಮಾನಗಳು ಬರುತ್ತಿವೆ, ಛತ್ರಿ ಸೇರಿಸಿಯೇ ತರಿಸುತ್ತಿದ್ದೇವೆ, ಮಾಲೀಕರೇ ಹೇಳಲು ಹೇಳಿದರು ಎಂದು. ಸೇರಲು ಬಂದವರಲ್ಲಿ ಅರ್ಧಕ್ಕರ್ಧ ಜನ ಅದನ್ನೇ ಕೇಳುತ್ತಿದ್ದಾರಂತೆ. ಉತ್ತರ ಹೇಳಿ ಹೇಳಿ ಮಾಲೀಕರಿಗೂ ಸಾಕಾಗಿತ್ತಂತೆ. ಅಕ್ಕ ನನಗೆ ಗೋಡೆಯ ಮೇಲಿಂದ ಒಂದು ತಟ್ಟೆ ಶೇಂಗಾದ ಹೋಳಿಗೆ ಕೊಟ್ಟು ಸುದ್ದಿ ಹೇಳಿದರು. ಮಗಳು ಆ ಶಾಲೆಯನ್ನೇ ಸೇರಿದಳು. ಬಿಡಲು ಹೋದಾಗ ಅಕ್ಕ ವಿಮಾನದೊಳಗೆ ಇಣುಕಿ, ಕೆಂಪು ಹಿಡಿಕೆ ಎಲ್ಲಿದೆ ಎಂದು ನೋಡಿ, ಮಗಳ ಕೈಯನ್ನು ಅಲ್ಲಿಗೆ ತಾವೇ ಒಯ್ದು ಮುಟ್ಟಿಸಿದರಂತೆ. ಹಿಂದಿನಿಂದ ಯಾರೋ ನಕ್ಕರೂ ಮಗಳು ಕೈ ಎಳೆದುಕೊಳ್ಳಲಿಲ್ಲವಂತೆ.

ಹೋದ ವರ್ಷ, ತೊಗರಿ ಹೂಬಿಟ್ಟಿದ್ದ ಕಾಲ. ಬೆಳಗಿನ ಹೊತ್ತು ಅಂಗಳದಲ್ಲಿ ಯಂತ್ರ ಓಡುತ್ತಿತ್ತು. ಒಮ್ಮೆಲೇ ನಿಂತಿತು. ನಾನು ಹೊರಗೆ ಬಂದು ನೋಡಿದರೆ, ಅಕ್ಕ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ನಿಂತಿದ್ದರು. ಹಮಾಲರು ಸುತ್ತ ನಿಂತಿದ್ದರು.

ಮಗಳು ಆಡಿದ ಮೊದಲ ಮಾತು, “ಅವ್ವಾ, ನಾ ಅಲ್ಲ,” ಎಂಬುದಂತೆ. ಅಷ್ಟಾದ ಮೇಲೆ ಉಳಿದದ್ದು ಹೇಳಿದಳಂತೆ. ಅವಳ ಜೊತೆ ಕಲಿಯುತ್ತಿದ್ದ ವಿಜಯಪುರದ ಹುಡುಗನೊಬ್ಬ ಒಬ್ಬನೇ ಹಾರಿಸುವಾಗ ವಿಮಾನ ಕೈತಪ್ಪಿ ಸುತ್ತತೊಡಗಿತು. ಹಿಡಿಕೆ ಎಳೆದ. ಛತ್ರಿ ಬಿಚ್ಚಿತು.

ಅಕ್ಕ ಗೋಡೆಯ ಹತ್ತಿರ ಬಂದರು. “ಸರ್, ಛತ್ರಿ ಬಿಚ್ಚೇದಂತ. ಹುಡುಗ ಅದಾನಂತ. ನಡೀರಿ, ಹೋಗೋಣು.”

ನಾವು ತಲುಪಿದ್ದು ಮರುದಿನ. ಎಂಜಿನಿಯರು ಮೊದಲು ಹೊಲಕ್ಕೆ ಕರೆದೊಯ್ದರು. ಹತ್ತಿರ ಬಿಡಲಿಲ್ಲ, ಪೊಲೀಸರು ಹಗ್ಗ ಕಟ್ಟಿದ್ದರು. ಹಳದಿ ಹೂವಿನ ತೊಗರಿಯ ನಡುವೆ ವಿಮಾನ ಗಾಲಿ ಮುರಿದುಕೊಂಡು, ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ಅದರಾಚೆ ಅಗಲಕ್ಕೆ ಗಿಡಗಳ ಮೇಲೆ ಬಟ್ಟೆ ಬಿದ್ದಿತ್ತು. ಗಾಳಿ ಬಂದಾಗ ಒಳಗೆ ಯಾರೋ ಉಸಿರಾಡಿದ ಹಾಗೆ ಸ್ವಲ್ಪ ಏಳುತ್ತಿತ್ತು. ಅಕ್ಕ ಹಗ್ಗ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಬಿಸಿಲು ಏರಿತು, ಬರ್ರಿ ಅಕ್ಕಾ ಎಂದು ನಾನು ಕರೆದ ಮೇಲೆಯೇ ತಿರುಗಿದ್ದು.

ಆಸ್ಪತ್ರೆಯಲ್ಲಿ ಹುಡುಗ ಮಲಗಿದ್ದ. ಕಾಲಿಗೆ ಪಟ್ಟಿ, ಕುತ್ತಿಗೆಗೆ ಪಟ್ಟಿ. ನೋವಿನ ನಡುವೆಯೂ ಯಾರಿಗೋ ಫೋನಿನಲ್ಲಿ ಏನೋ ವರ್ಣಿಸುತ್ತಿದ್ದ. ಮಂಚದ ಅಂಚಿನಲ್ಲಿ ಅವನ ತಾಯಿ ಕೂತಿದ್ದಳು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಮುಖ. ನಮ್ಮನ್ನು ನೋಡಿ ಎದ್ದಳು.

“ಯಾರ್ರಿ ನೀವು? ಶಾಲಿಯವರೇನ್ರಿ?”

“ಅಲ್ರಿ. ನನ್ನ ಮಗಳು ನಿಮ್ಮ ಹುಡುಗನ ಜೋಡಿ ಕಲೀತಾಳ. ಅದಕ್ಕ ಮದ್ಲ ನನ್ನ ತಮ್ಮನೂ ಇಲ್ಲೇ ಕಲೀತಿದ್ದ,” ಎಂದರು ಅಕ್ಕ.

ಆ ತಾಯಿಯ ಮುಖ ಅರಳಿತು. ಗಾಬರಿಯಲ್ಲಿ ರಾತ್ರಿ ಕಳೆದವಳಿಗೆ ಒಳ್ಳೆಯದೇನಾದರೂ ಕೇಳಬೇಕಿತ್ತು ಅಂತ ಕಾಣುತ್ತದೆ. “ಹೌದ್ರಿ? ಈಗ ಎಲ್ಲಿ ಹಾರಸ್ತಾರ್ರಿ ಅವರು?” ಎಂದು ಕೇಳಿದಳು.

ನಾನು ಬಾಗಿಲ ಕಡೆ ಸರಿದೆ. ಅಕ್ಕ ಆಕೆಯ ಕೈ ಹಿಡಿದುಕೊಂಡರು.

“ಅವ ಇಲ್ರಿ,” ಎಂದರು. “ಅವ ಹಾರಸ್ತಿದ್ದದ್ದಕ್ಕ ಛತ್ರಿ ಇರ್ಲಿಲ್ಲ. ನಿಮ್ಮ ಹುಡುಗ ಅದಾನ.”

ಆಕೆ ಅಕ್ಕನನ್ನು ನೋಡಿದಳು, ಮಂಚದ ಮೇಲಿನ ಮಗನನ್ನು ನೋಡಿದಳು. ಹುಡುಗ ಫೋನು ಕೆಳಗಿಟ್ಟ. ಆಕೆಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ, ನಾನು ಹೇಳಲಾರೆ. ಅಕ್ಕನ ಕೈ ಬಿಡದೆ, ಮಗನ ತಲೆಯ ಪಕ್ಕ ತಾನು ಕೂತಿದ್ದ ಜಾಗ ಬಿಟ್ಟು ಕಾಲಿನ ಕಡೆ ಸರಿದು, “ಇಲ್ಲಿ ಕುಂದರ್ರಿ, ಅಕ್ಕಾ,” ಎಂದಳು.

ಅಕ್ಕ ಕೂತರು. ಹುಡುಗನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿ, “ಹೇಳಪಾ, ಹ್ಯಾಂಗಿತ್ತು ಮ್ಯಾಲ? ಎಲ್ಲಾ ಹೇಳು,” ಎಂದರು.